ಸೋನಾಮುಖಿಯೂ ಮೊಮ್ಮಗಳ ತೊಟ್ಟಿಲೂ

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನನಗೆ ತಂದು ಮುಟ್ಟಿಸಿದವನು ಎಸ್.ಟಿ. ಬಸ್ಸಿನ ಕಂಡಕ್ಟರ್. ಎಪ್ಪತ್ತರ ದಶಕದ ಮಾತು ಇದು. ಆಗ ಸೊಸೆಯ ತವರು ಕರಜಗಿಯಿಂದ ನಮ್ಮ ಸೊಲ್ಲಾಪುರಕ್ಕೆ ಪೋಸ್ಟಿನ ಕಾಗದಕ್ಕಿಂತ ಮೊದಲು ಕಂಡಕ್ಟರನೇ ಬರುತ್ತಿದ್ದ. ಬಜಾರದ ಓಣಿಯಲ್ಲಿ ನಮ್ಮ ಅಂಗಡಿ; ಬೇರು, ತೊಗಟೆ, ಒಣಗಿದ ಎಲೆ, ಕಾಯಿ, ಹೀಗೆ ನಾಟಿ ಔಷಧಿಯ ಸಾಮಾನು ಮಾರುವ ಅಂಗಡಿ. ಒಬ್ಬ ಮುದುಕಿಗೆ ತಲೆ ತೊಳೆಯಲು ಅಂಟುವಾಳಕಾಯಿ ತೂಗುತ್ತಿದ್ದೆ. ಓಣಿಯ ತುದಿಯಿಂದಲೇ ಕಂಡಕ್ಟರ್ ಕೂಗಿದ:

"ಶೇಟ್, ಮುಲ್ಗೀ ಝಾಲೀ! ಹೆಣ್ಣು ಕೂಸು!"

ಮರಾಠಿಯಲ್ಲೂ ಕನ್ನಡದಲ್ಲೂ ಕೂಗಿದ್ದರಿಂದ ಓಣಿಯಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ನಾನು ಮುದುಕಿಯ ಚೀಲಕ್ಕೆ ಸುರಿಯಬೇಕಾದ ಅಂಟುವಾಳವನ್ನು ನನ್ನ ಟೊಪ್ಪಿಗೆಯೊಳಗೆ ಸುರಿದು, ಆ ಟೊಪ್ಪಿಗೆಯನ್ನು ಅವಳ ಕೈಗೆ ಕೊಟ್ಟು ನಮಸ್ಕಾರ ಮಾಡಿದೆನಂತೆ. ನನಗೆ ನೆನಪಿಲ್ಲ. ಟೊಪ್ಪಿಗೆ ಮಾತ್ರ ವಾಪಸು ಬರಲಿಲ್ಲ.

ನಮ್ಮ ಮನೆಯಲ್ಲಿ ಹೆಣ್ಣು ಹುಟ್ಟಿ ಮೂರು ತಲೆಮಾರು ಕಳೆದಿತ್ತು. ನಮ್ಮ ತಂದೆಗೆ ಅಕ್ಕತಂಗಿಯರಿಲ್ಲ, ನನಗೂ ಇಲ್ಲ, ನನ್ನ ಮಕ್ಕಳಿಗೂ ಇಲ್ಲ. ದೀಪಾವಳಿಯಲ್ಲಿ ಅಣ್ಣತಮ್ಮಂದಿರಿಗೆ ಆರತಿ ಬೆಳಗಲು ಪಕ್ಕದ ಮನೆಯ ಹುಡುಗಿಯರನ್ನು ಕರೆದು ತರುತ್ತಿದ್ದ ಮನೆ ನಮ್ಮದು. ಅಂಥ ಮನೆಯ ಹಿರಿಯ ಸೊಸೆ ತವರಿಗೆ ಹೋಗಿ ಹೆಣ್ಣು ಹೆತ್ತಿದ್ದಾಳೆ! ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಬರ್ಫಿ ಹಂಚುವುದು ನಮ್ಮ ಕಡೆಯ ರೂಢಿ. ಬರ್ಫಿ ತರಲು ಮಗನನ್ನು ಓಡಿಸಿದೆ. ಅವನು ಬರುವ ತನಕ ನನಗೆ ತಡೆಯಲಾಗಲಿಲ್ಲ. ಜೇಷ್ಠಮಧದ, ಅಂದರೆ ಅತಿಮಧುರದ, ಡಬ್ಬ ಕೆಳಗಿಳಿಸಿ, ಅಂಗಡಿಗೆ ಬಂದವರಿಗೆ, ಅಂಗಡಿಯ ಮುಂದೆ ಹೋಗುವವರಿಗೆ, ಸೈಕಲ್ ಮೇಲೆ ಸಾಗುವವರನ್ನು ನಿಲ್ಲಿಸಿ ಅವರಿಗೂ, ಒಂದೊಂದು ಕಡ್ಡಿ ಕೊಟ್ಟೆ. ಬರ್ಫಿ ಬರುವ ಹೊತ್ತಿಗೆ ಇಡೀ ಓಣಿಯ ಗಂಡಸರು ಬಾಯಲ್ಲಿ ಕಡ್ಡಿ ಇಟ್ಟುಕೊಂಡು ಕೂತಿದ್ದರು. ಹೊಸಬರು ಯಾರಾದರೂ ಬಂದಿದ್ದರೆ ಈ ಓಣಿಗೆಲ್ಲ ಒಟ್ಟಿಗೇ ಹಲ್ಲುನೋವು ಬಂದಿದೆ ಅಂದುಕೊಳ್ಳಬೇಕು, ಹಾಗೆ.

ಎದುರಿನ ಚಾದರದ ವ್ಯಾಪಾರಿ ಕಡ್ಡಿ ಚೀಪುತ್ತಾ ಹೇಳಿದ: "ಶೇಟ್ರ, ಏನ್ರೀ ಇದು, ಸಕ್ಕರಿಗಿಂತ ಸವಿ ಅದ. ನೀರು ಕುಡದ್ರೂ ಹೋಗವಲ್ದು, ಚಹಾ ಕುಡದ್ರೂ ಹೋಗವಲ್ದು."

"ನನ್ನ ಖುಷಿನೂ ಹಂಗ ಅದರೀ," ಅಂದೆ.

ಖುಷಿ ಇತ್ತು, ಕೂಸಿನ ಮುಖ ಮಾತ್ರ ನೋಡಿರಲಿಲ್ಲ. ತೊಟ್ಟಿಲಿಗೆ ಹಾಕಿ ಹೆಸರಿಡುವ ತನಕ ತಂದೆಯ ಕಡೆಯ ಗಂಡಸರು ಬಾಣಂತಿ ಕೋಣೆಯ ಕಡೆ ತಲೆ ಹಾಕಬಾರದು ಎಂದು ಎರಡೂ ಮನೆಯ ಹೆಂಗಸರು ಕಟ್ಟು ಮಾಡಿದ್ದರು. ಕೂಸಿನ ಅಪ್ಪನನ್ನೇ ಬಿಟ್ಟಿರಲಿಲ್ಲ, ಅಜ್ಜನನ್ನು ಬಿಡುತ್ತಾರೆಯೇ? ಅಯ್ನೋರು ಪಂಚಾಂಗ ನೋಡಿ ಒಂದು ದಿನ ಹೇಳಿದರು. ಆ ದಿನ ಸೂರ್ಯ ನೆತ್ತಿಗೆ ಬರುವುದರೊಳಗೆ ಕೂಸು ತೊಟ್ಟಿಲಲ್ಲಿ ಇರಬೇಕು. ತಪ್ಪಿದರೆ ಮುಂದೆ ಧನುರ್ಮಾಸ. ಸಂಕ್ರಾಂತಿ ದಾಟುವ ತನಕ ಒಳ್ಳೆಯ ದಿನವೇ ಇಲ್ಲ. ಅಂದರೆ ಅಲ್ಲಿಯ ತನಕ ನನಗೆ ಮೊಮ್ಮಗಳ ಮುಖವೂ ಇಲ್ಲ. ಆ ಒಂದು ಬೆಳಗನ್ನು ನಾನು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಇನ್ನೊಂದು ಕೆಲಸ ನನ್ನ ಪಾಲಿಗೇ ಇತ್ತು. ತೊಟ್ಟಿಲಿಗೆ ಹಾಕುವ ಮೊದಲು ಕೂಸಿಗೆ ಗುಟ್ಟಿ ಕೊಡುತ್ತೇವೆ. ಕೆಲವು ಬೇರು, ಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ತೇಯ್ದು ನಾಲಿಗೆಗೆ ಹಚ್ಚುವುದು. ಮೊದಲ ಸುತ್ತು ಜೇಷ್ಠಮಧ. ಅದನ್ನು ತಂದೆಯ ತಂದೆಯೇ ತೇಯಬೇಕು ಎಂಬುದು ನಮ್ಮ ಮನೆಯ ಪದ್ಧತಿ. ಊರ ಕೂಸುಗಳಿಗೆಲ್ಲ ಗುಟ್ಟಿಯ ಗಂಟು ಕಟ್ಟಿ ಕೊಟ್ಟವನು ನಾನು. ಈಗ ನನ್ನ ಮನೆಯ ಕೂಸಿಗೆ ಕಟ್ಟುವಾಗ ಒಂದೊಂದು ಬೇರನ್ನೂ ಮೂಸಿ, ಮುರಿದು, ಒಳಗಿನ ಹಳದಿ ನೋಡಿ, ನೆಕ್ಕಿ, ಬೇಡ ಅಂತ ಎತ್ತಿಟ್ಟು, ಮತ್ತೊಂದು ಮುರಿದು... ಹೆಂಡತಿ ಬಂದು ನೋಡಿ, "ಕೂಸಿಗಿ ಒಂದು ಕಡ್ಡಿ ಸಾಕ್ರಿ, ನೀವು ಗೋಣಿ ಖಾಲಿ ಮಾಡೀರಿ," ಅಂದಳು. ಕೊನೆಗೆ ಆರಿಸಿದ ಒಂದು ಕಡ್ಡಿಯನ್ನು ಹೊಸ ಬಟ್ಟೆಯಲ್ಲಿ ಕಟ್ಟಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡೆ. ಮಲಗುವಾಗಲೂ ತೆಗೆಯಲಿಲ್ಲ.

ಹೆಸರಿಡುವ ಹಿಂದಿನ ದಿನ ಹೆಂಡತಿ ಮಕ್ಕಳು ಮೊದಲೇ ಕರಜಗಿಗೆ ಹೋದರು. ನಾನು ಅಂಗಡಿ ಮುಚ್ಚಿ ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಬರುವುದೆಂದು ಮಾತು. ಜೊತೆಗೆ ಬೀಗರು. ಬೀಗರು ಅಂದರೆ ಸೊಸೆಯ ತಂದೆ. ಕರಜಗಿಯ ಹೊಲಮನೆಯವರು, ಎತ್ತರದ ಆಳು, ಬಿಳಿ ಮೀಸೆ, ಮಾತಾಡಿದರೆ ಪಕ್ಕದ ಹೊಲದ ಎತ್ತು ತಿರುಗಿ ನೋಡಬೇಕು. ಅವರು ತೊಟ್ಟಿಲು ಕೊಳ್ಳಲು ಸೊಲ್ಲಾಪುರಕ್ಕೆ ಬಂದಿದ್ದರು. ಕೆಂಪು ಹಸಿರು ಬಣ್ಣದ, ನಾಲ್ಕು ಮೂಲೆಗೆ ನಾಲ್ಕು ಗಿಳಿ ಕೂಡಿಸಿದ ಕಟ್ಟಿಗೆಯ ತೊಟ್ಟಿಲು. ಅದನ್ನು ಹೆಗಲ ಮೇಲೆ ಹೊತ್ತು ಬಜಾರದ ತುಂಬ ತಿರುಗಿ, ಸೊಲ್ಲಾಪುರದಲ್ಲಿದ್ದ ನೆಂಟರಿಷ್ಟರ ಮನೆಗೆಲ್ಲ ಹೋಗಿ ಆಮಂತ್ರಣ ಕೊಟ್ಟು, ಹೋದಲ್ಲೆಲ್ಲ ತಿಂದು ಸಂಜೆ ನಮ್ಮ ಮನೆಗೆ ಬಂದರು.

ಇಲ್ಲಿ ನಮ್ಮ ಕಡೆಯ ಆಗ್ರಹದ ವಿಷಯ ಹೇಳಬೇಕು. ಊಟಕ್ಕೆ ಕೂತವರಿಗೆ ಸಾಕು ಅಂದರೂ ಬಡಿಸುವುದು, ಬೇಡ ಅಂದಷ್ಟೂ ಹಾಕುವುದು, ಅದು ಆಗ್ರಹ. ಬೀಗರು ಬೀಗರ ನಡುವೆ ಅದು ಯುದ್ಧ. ಇಬ್ಬರನ್ನೂ ಅಕ್ಕಪಕ್ಕ ಕೂಡಿಸಿ ಹೋಳಿಗೆ ಹಾಕುತ್ತಾ ಹೋಗುತ್ತಾರೆ. ಮೊದಲು ತಾಟಿನ ಮೇಲೆ ಕೈ ಅಡ್ಡ ಹಿಡಿದವನು ಸೋತ. ಮಗನ ಮದುವೆಯಲ್ಲಿ ನಾನು ಸೋತಿದ್ದೆ. ಅವತ್ತು ಬೀಗರು ನೂರಾರು ಜನರ ಎದುರು, "ಸೊಲ್ಲಾಪುರದವರ ಹೊಟ್ಟಿ ಚಾದರ ಇದ್ದಂಗ್ರೀ, ಬಿಚ್ಚಿದ್ರ ದೊಡ್ಡದು ಕಾಣತೈತಿ, ಮಡಚಿದ್ರ ಹಿಡಿಯಷ್ಟ!" ಅಂದಿದ್ದರು. ನಾಳೆ ಮತ್ತೆ ಅಕ್ಕಪಕ್ಕ ಕೂಡುವುದಿತ್ತು. ಹೊಟ್ಟೆ ಖಾಲಿ ಇಟ್ಟುಕೊಳ್ಳಬೇಕೆಂದು ನಾನು ಅಂದುಕೊಂಡಿದ್ದೆ. ಅವರೂ ಹಾಗೆಯೇ ಅಂದುಕೊಂಡಿದ್ದರು ಅನ್ನುವುದು ಆಮೇಲೆ ಗೊತ್ತಾಯಿತು.

ಸಂಜೆ ಊಟ ಮುಗಿದ ಮೇಲೆ ಬೀಗರು ಹೊಟ್ಟೆ ತಟ್ಟಿಕೊಂಡರು. ಸದ್ದು ಬಂತು.

"ಬೀಗರ, ನಿಮ್ಮ ಊರಾಗಿನ ಮಂದಿ ತಿನಿಸಿ ತಿನಿಸಿ ನಗಾರಿ ಮಾಡ್ಯಾರ. ನಿಮ್ಮ ಅಂಗಡಿಯಾಗ ಇದಕ್ಕ ಏನರ ಐತೇನ್ರಿ?"

ಇತ್ತು. ನಮ್ಮ ತಂದೆಯ ಕಾಲದಿಂದ ನಮ್ಮ ಅಂಗಡಿಯ ಹೆಸರು ಉಳಿಸಿದ ಚೂರ್ಣ ಅದು. ಸೋನಾಮುಖಿಯ ಎಲೆ, ಜೇಷ್ಠಮಧ, ಬಡೇಸೋಪು, ಸ್ವಲ್ಪ ಸೈಂಧವ ಉಪ್ಪು. ಹೊಟ್ಟೆ ಕಳೆಯುವ ಕೆಲಸ ಮಾಡುವುದು ಸೋನಾಮುಖಿ. ಅದೊಂದನ್ನೇ ಕೊಟ್ಟರೆ ಯಾರೂ ಎರಡನೇ ಸಲ ಬರುವುದಿಲ್ಲ, ಹೊಟ್ಟೆ ನುಲಿಯುತ್ತದೆ, ಬಾಯಿ ಕೆಡುತ್ತದೆ. ಜೇಷ್ಠಮಧ ಸೇರಿದರೆ ಚಪ್ಪರಿಸಿಕೊಂಡು ತಿನ್ನುತ್ತಾರೆ. ನಮ್ಮ ತಂದೆ ಒಂದು ಚಿಟಿಕೆ ಕಾಗದದಲ್ಲಿ ಮಡಚಿ ಕೊಟ್ಟು, "ಮಲಗುವಾಗ ತಗೋ, ಹೊತ್ತು ಮೂಡೋ ತನಕ ಸುಮ್ಮನಿರು," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಅದೇ ಮಾತನ್ನು ನಾನೂ ಗಿರಾಕಿಗಳಿಗೆ ಹೇಳಿ ಹೇಳಿ ನಾಲಿಗೆ ಸವೆಸಿದ್ದೆ. ನಾನು ಮಾತ್ರ ಒಂದು ಸಲವೂ ಅದನ್ನು ತಿಂದವನಲ್ಲ.

ಬೀಗರ ಅಂಗೈಗೆ ಒಂದು ಚಿಟಿಕೆ ಹಾಕಿದೆ. ಅವರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

"ಆಹಾ! ಭಾರೀ ಸವಿ ಐತ್ರಿ. ನೀವೂ ತಗೋರಿ."

"ನನಗ್ಯಾಕ್ರಿ, ನನ್ನ ಹೊಟ್ಟಿ ಚಂದ ಅದ."

"ಹಂಗಂದ್ರ ಹೆಂಗ? ಬೀಗರ ಮನ್ಯಾಗ ನಾ ಒಬ್ಬನ ತಿನ್ನೋದಾ? ತಗೋರಿ, ನನ್ನ ಮ್ಯಾಲ ಆಣಿ."

ಆಣೆ ಬಂದ ಮೇಲೆ ತಿನ್ನಲೇಬೇಕು. ಒಂದು ಚಿಟಿಕೆ ಹಾಕಿಕೊಂಡೆ. ಅವರು ತಿಂದಿದ್ದಕ್ಕಿಂತ ನನ್ನದು ಕಡಿಮೆ ಎಂದು ಅವರಿಗೆ ಕಂಡಿತು, ಇನ್ನೊಂದು ಹಾಕಿದರು. ಅವರ ಕೈ ರೈತನ ಕೈ, ಅವರ ಚಿಟಿಕೆ ಅಂದರೆ ಬಿತ್ತುವ ಮುಷ್ಟಿ. ನಾನು ಬಿಡುತ್ತೇನೆಯೇ? ಮನೆಯ ಯಜಮಾನ ನಾನು, ಆಗ್ರಹ ಮಾಡಬೇಕಾದವನು ನಾನು. "ಇದೊಂದು ನನ್ನ ಹೆಸರಿಲೇ," ಎಂದು ಅವರ ಅಂಗೈಗೆ ಸುರಿದೆ. "ಇದೊಂದು ನನ್ನ ಮಗಳ ಹೆಸರಿಲೇ," ಎಂದು ಅವರು ನನಗೆ ಸುರಿದರು. "ಹಂಗಾದ್ರ ಕೂಸಿನ ಹೆಸರಿಲೇ?" ಎಂದೆ. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಆದರೂ ಅದರ ಹೆಸರಿನಲ್ಲಿ ಇಬ್ಬರೂ ತಿಂದೆವು.

ಆಮೇಲೆ ಗೋಡೆಗೆ ಒರಗಿ ಕಾಯ್ದೆವು. ಏನೂ ಆಗಲಿಲ್ಲ. ಬೀಗರು ತಮ್ಮ ಹೊಟ್ಟೆಗೆ ಕಿವಿಗೊಟ್ಟು ಕೇಳಿದರು.

"ಬೀಗರ, ನಿಮ್ಮ ಸೊಪ್ಪು ಮಲಗೇತೇನ್ರಿ? ಹಳೇ ಮಾಲು ಕಾಣತೈತಿ. ಸತ್ತೈತಿ."

ನನ್ನ ತಂದೆಯ ಚೂರ್ಣಕ್ಕೆ ಸತ್ತ ಮಾಲು ಅಂದರು! ಹೊತ್ತು ಮೂಡುವ ತನಕ ಸುಮ್ಮನಿರು ಎಂಬ ತಂದೆಯ ಮಾತು ಆ ಕ್ಷಣಕ್ಕೆ ನನಗೆ ನೆನಪೇ ಬರಲಿಲ್ಲ. "ಸತ್ತ ಮಾಲೇನ್ರಿ? ತೋರಸ್ತೀನಿ ತಡೀರಿ," ಎಂದು ಡಬ್ಬದ ತಳ ಕೆರೆದು ಇಬ್ಬರಿಗೂ ಸರಿಸಮ ಹಂಚಿದೆ. ತಿಂದು ಮಲಗಿದೆವು. ಕೂಸಿನ ಹಾಗೆ ನಿದ್ದೆ ಬಂತು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ನನ್ನ ಮೊಮ್ಮಗಳ ವಿಷಯ ಹೇಳದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಅವಳು ಈಗ ಔಷಧಿಗಳ ವಿದ್ಯೆ ಓದಿ ಪಾಸಾಗಿದ್ದಾಳೆ. ನಮ್ಮ ಅಂಗಡಿಯ ಒಂದೊಂದು ಡಬ್ಬದ ಮುಚ್ಚಳ ತೆಗೆದು, ಇದರಲ್ಲಿ ಇಂಥದ್ದು ಇದೆ, ಅದು ಇಂಥ ಕೆಲಸ ಮಾಡುತ್ತದೆ ಎಂದು ಹೇಳುತ್ತಾಳೆ. ಗಿರಾಕಿಗಳು ನಿಂತು ಕೇಳುತ್ತಾರೆ. ನಾನು ಗಿರಾಕಿಗಳ ಮುಖ ನೋಡುತ್ತೇನೆ. ಅವಳು ಹುಟ್ಟಿದ ಮೇಲೆ ಓಣಿಯಲ್ಲಿ ಕಡ್ಡಿ ಹಂಚಿದಾಗ ಎಷ್ಟು ಖುಷಿ ಇತ್ತೋ ಈಗಲೂ ಅಷ್ಟೇ ಇದೆ, ಒಂದು ಗುಂಜಿಯೂ ಇಳಿದಿಲ್ಲ. ಸೋನಾಮುಖಿಯ ಬಗ್ಗೆ ಅವಳು ಹೇಳಿದ್ದು ಹೀಗೆ:

"ಅಜ್ಜಾ, ಈ ಎಲ್ಯಾಗಿನ ಔಷಧ ಒಂಟಿ ಇರಂಗಿಲ್ಲ. ಸಕ್ಕರಿ ಜೋಡಿ ಗಂಟು ಹಾಕ್ಕೊಂಡಿರ್ತದ. ನಮ್ಮ ಪುಸ್ತಕದಾಗ ಅದಕ್ಕ ಗ್ಲೈಕೋಸೈಡ್ ಅಂತಾರ. ಗಂಟು ಇರೋ ತನಕ ಅದು ಮಲಗಿರ್ತದ. ಹೊಟ್ಟಿ ದಾಟಿ, ಸಣ್ಣ ಕರಳು ದಾಟಿ, ದೊಡ್ಡ ಕರಳಿಗಿ ಮುಟ್ಟಿದ ಮ್ಯಾಲ ಅಲ್ಲಿರೋ ಕಣ್ಣಿಗಿ ಕಾಣದ ಜೀವಾಣುಗಳು ಆ ಗಂಟು ಬಿಚ್ಚತಾವ. ಆಮ್ಯಾಲ ಔಷಧಕ್ಕ ಎಚ್ಚರ ಆಗ್ತದ. ಅಷ್ಟು ದಾರಿ ನಡಿಯಾಕ ರಾತ್ರಿ ಪೂರಾ ಬೇಕು."

"ಹಂಗಾದ್ರ ನಿನ್ನ ಇನ್ನೊಬ್ಬ ಅಜ್ಜ ಅಂದದ್ದು ಖರೇ. ಸೊಪ್ಪು ಮಲಗಿತ್ತು."

"ಮಲಗಿತ್ತು ಅಜ್ಜಾ, ಸತ್ತಿರಲಿಲ್ಲ. ನೀವಿಬ್ರೂ ಬಾಗಲಾ ಬಡದು ಬಡದು ಎಬ್ಬಿಸಿದ್ರಿ."

ಜೇಷ್ಠಮಧದ ಸಿಹಿಯೂ ಅದೇ ಕುಲದ್ದಂತೆ, ಅದರಲ್ಲೂ ಸಕ್ಕರೆಯ ಗಂಟು ಇದೆಯಂತೆ. ಒಂದೇ ಕುಲದ ಇಬ್ಬರು ಸೇರಿ, ಒಬ್ಬ ಬಾಯಿಗೆ ಸವಿ ತೋರಿಸಿ ಕರೆದು, ಇನ್ನೊಬ್ಬ ಒಳಗೆ ಹೊಕ್ಕು ಕೂತು... ಇರಲಿ.

ಮುಂಜಾನೆ ಎದ್ದಾಗಲೂ ಏನೂ ಇರಲಿಲ್ಲ. ಸ್ಟ್ಯಾಂಡಿಗೆ ಹೋಗಿ, ತೊಟ್ಟಿಲನ್ನು ಬಸ್ಸಿನ ಟಪ್ಪಿನ ಮೇಲೆ ಹಗ್ಗ ಹಾಕಿ ಕಟ್ಟಿಸಿ, ಚಹಾ ಕುಡಿದು ಕೂತೆವು. ಸುದ್ದಿ ತಂದಿದ್ದ ಆ ಕಂಡಕ್ಟರನೇ ಆ ದಿನ ಇದ್ದ. ಅಕ್ಕಲಕೋಟೆಯ ಮೇಲೆ ನೇರ ಕರಜಗಿಗೆ ಹೋಗುವ ಬಸ್ಸು. ಊರು ದಾಟುತ್ತಿದ್ದಂತೆ ಬೀಗರು ಮೀಸೆಯಡಿ ನಕ್ಕರು: "ಸತ್ತ ಮಾಲು, ನಾ ಹೇಳಿದ್ದಿಲ್ಲ?"

ವಳಸಂಗ ಹತ್ತಿರ ಬರುವಾಗ ನನ್ನೊಳಗೆ ಯಾರೋ ಹಾಸಿಗೆಯಿಂದ ಎದ್ದು ಮೈ ಮುರಿದ ಹಾಗಾಯಿತು. ಬೀಗರ ಕಡೆ ನೋಡಿದೆ. ಅವರು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದರು. ಮೀಸೆಯಡಿಯ ನಗು ಕಾಣಲಿಲ್ಲ.

ನಾನಾಗಿ ಬಾಯಿ ಬಿಟ್ಟರೆ ಸೋತಂತೆ. "ಏನ್ರೀ ಬೀಗರ, ಹೊರಗ ಜ್ವಾಳ ಚಂದ ಬಂದಾವ," ಅಂದೆ.

"ಚಂದ... ಬಂದಾವ," ಅಂದರು. "ಎತ್ತರ ಬಂದಾವ. ಮನಷಾ ಕುಂತ್ರ ಕಾಣಂಗಿಲ್ಲ."

ಇಬ್ಬರ ಯೋಚನೆಯೂ ಒಂದೇ ದಾರಿ ಹಿಡಿದಿತ್ತು. ವಳಸಂಗದ ನಿಲ್ದಾಣದಲ್ಲಿ ಇಳಿದುಬಿಡಬಹುದಿತ್ತು. ಅವರು ಇಳಿಯಲಿ ಎಂದು ನಾನು, ನಾನು ಇಳಿಯಲಿ ಎಂದು ಅವರು, ಹಲ್ಲು ಕಚ್ಚಿ ಕೂತೆವು. ಬಸ್ಸು ಊರು ದಾಟಿ ತೆಗ್ಗಿನಲ್ಲಿ ಒಂದು ಸಲ ಎತ್ತಿ ಹಾಕಿತು. ಇಬ್ಬರೂ ಒಟ್ಟಿಗೇ ಎದ್ದು ನಿಂತು ಒಟ್ಟಿಗೇ ಕೂಗಿದೆವು:

"ಗಾಡೀ ಥಾಂಬವಾ! ನಿಲ್ಲಸ್ರಿ!"

"ಕಾಯ್ ಝಾಲಂ ಶೇಟ್? ಏನಾತು?" ಎಂದ ಕಂಡಕ್ಟರ್. ನಮ್ಮ ಮುಖ ನೋಡಿ ಮತ್ತೇನೂ ಕೇಳದೆ ಗಂಟೆ ಎಳೆದ. ನಾವು ಧೋತರ ಎತ್ತಿ ಹಿಡಿದು ಜೋಳದೊಳಗೆ ಹೊಕ್ಕೆವು. ಬಂದು ಕೂತೆವು. ಬಸ್ಸು ಸ್ವಲ್ಪ ಮುಂದೆ ಹೋಗಿತ್ತು, ಮತ್ತೆ ಥಾಂಬವಾ. ಈ ಸಲ ಒಳಗಿದ್ದ ಜನ ಕಿಟಕಿಯಿಂದ ತಲೆ ಹಾಕಿ ನಮಗೆ ಹೊಲ ಆರಿಸಿಕೊಟ್ಟರು. "ಅಲ್ಲಿ ಬ್ಯಾಡ್ರೀ, ಅದು ಕಡ್ಲಿ, ಗಿಡ್ಡ ಅದ. ಆಕಡಿ ಹೋಗ್ರಿ!" ಮೂರನೆಯ ಸಲ ಕೂಗಿದಾಗ ಡ್ರೈವರನಿಗೆ ಸಿಟ್ಟು ಬಂತು. ಬಸ್ಸಿಗೂ ಒಂದು ವೇಳೆ ಇರುತ್ತದೆ, ತಪ್ಪು ಅವನದಲ್ಲ. ನಾವು ಜೋಳದಲ್ಲಿ ಇದ್ದಾಗಲೇ ಬಸ್ಸು ಹೊರಟ ಸದ್ದು ಕೇಳಿತು.

ತೆನೆಗಳ ಮೇಲಿಂದ ಬಸ್ಸಿನ ಟಪ್ಪು ಮಾತ್ರ ಕಾಣುತ್ತಿತ್ತು. ಅದರ ಮೇಲೆ ತೊಟ್ಟಿಲು, ನಾಲ್ಕು ಗಿಳಿಗಳು. ಗಿಳಿಗಳು ಕರಜಗಿಗೆ ಹೋದವು. ನಾವು ಉಳಿದೆವು.

"ಬೀಗರ," ಪಕ್ಕದ ಸಾಲಿನಿಂದ ದನಿ ಬಂತು. ಈಗ ಅದು ತಗ್ಗಿದ ದನಿ. "ಬಸ್ಸು ಹೋತೇನ್ರಿ?"

"ಹೋತ್ರಿ."

"ಎಳೇ ಜ್ವಾಳ ತಿಂದ್ರ ದನ ಸಾಯ್ತಾವ ಅಂತ ನಾ ನಮ್ಮ ದನಾ ಒಂದಿನಾನೂ ಒಳಗ ಬಿಟ್ಟಿಲ್ರಿ. ನೋಡ್ರಿ, ಇವತ್ತ ನಾ ತಿನ್ನದ ಸಾಯಾಕತ್ತೀನಿ."

(ಎಳೆ ಜೋಳದ ಆ ವಿಷವೂ ಸಕ್ಕರೆಯ ಗಂಟಿನದೇ ಎಂದು ಮೊಮ್ಮಗಳು ಹೇಳುತ್ತಾಳೆ. ಅವತ್ತು ನಮ್ಮನ್ನು ಸುತ್ತಲೂ ಆ ಕುಲದವರೇ ಹಿಡಿದಿದ್ದರು.)

ನನಗೆ ನಗು ಬಂತು. ನಕ್ಕರೆ ಅಪಾಯವಿತ್ತು. ಅಷ್ಟರಲ್ಲಿ ಸುಂಯ್ ಎಂದು ಒಂದು ಕಲ್ಲು ನನ್ನ ಕಿವಿಯ ಪಕ್ಕ ಹೋಯಿತು. ಇನ್ನೊಂದು ಬೀಗರ ಕಡೆ. ಹೊಲದ ನಡುವೆ ಹಕ್ಕಿ ಕಾಯುವ ಅಟ್ಟದ ಮೇಲೆ ಒಬ್ಬ ಮುದುಕಿ ಕವಣೆ ತಿರುಗಿಸುತ್ತಾ ನಿಂತಿದ್ದಳು. ಎರಡು ಕಡೆ ತೆನೆ ಅಲುಗುವುದನ್ನು ನೋಡಿ ಹಂದಿ ಹೊಕ್ಕಿವೆ ಎಂದು ತಿಳಿದಿದ್ದಳು.

"ಹೊಡೀಬ್ಯಾಡ ಅವ್ವಾ! ಮನಷಾರದೀವಿ!"

"ಮನಷಾರಾದ್ರ ನಿಂತು ಮಾತಾಡ್ರಿ!"

"ನಿಲ್ಲಾಕ ಆಗಂಗಿಲ್ಲವ್ವಾ!" ಅಂದರು ಬೀಗರು.

ಅವಳಿಗೆ ಅರ್ಥವಾಯಿತು. ಅಟ್ಟದ ಮೇಲೆ ಕೂತು ನಕ್ಕದ್ದು ಎಷ್ಟೆಂದರೆ ಓಡಿಹೋಗಿದ್ದ ಹಕ್ಕಿಗಳು ಮತ್ತೆ ಬಂದು ತೆನೆಗೆ ಕೂತರೂ ಅವಳಿಗೆ ಅವುಗಳನ್ನು ಓಡಿಸಲು ಆಗಲಿಲ್ಲ. ಆಮೇಲೆ ಕೆಳಗಿಳಿದು ಬಾವಿಯಿಂದ ನೀರು ಕೊಟ್ಟಳು, ತನ್ನ ಬುತ್ತಿಯ ಮಜ್ಜಿಗೆಗೆ ಉಪ್ಪು ಹಾಕಿ ಇಬ್ಬರಿಗೂ ಕುಡಿಸಿದಳು. ಎಲ್ಲಿಗೆ ಹೊರಟವರು ಎಂದು ಕೇಳಿದಳು. ಹೇಳಿದೆ. ಮೂರು ತಲೆಮಾರಿನ ಮೇಲೆ ಹುಟ್ಟಿದ ಹೆಣ್ಣು, ಮುಖ ನೋಡಿಲ್ಲ, ಸೂರ್ಯ ನೆತ್ತಿಗೆ ಬರುವುದರೊಳಗೆ ಮುಟ್ಟದಿದ್ದರೆ ಸಂಕ್ರಾಂತಿಯ ತನಕ ಇಲ್ಲ, ಗುಟ್ಟಿಯ ಕಡ್ಡಿ ನನ್ನ ಜೇಬಿನಲ್ಲೇ ಇದೆ. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ಮುದುಕಿ ನಗುವುದನ್ನು ನಿಲ್ಲಿಸಿ ರಸ್ತೆಗೆ ಹೋಗಿ ನಿಂತಳು.

ಸೊಲ್ಲಾಪುರಕ್ಕೆ ಹಾಲು ಹಾಕಿ ಖಾಲಿ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಒಬ್ಬನ ಮೋಟರ್ ಸೈಕಲ್ಲಿಗೆ ಅವಳು ಕವಣೆ ತೋರಿಸಿ ನಿಲ್ಲಿಸಿದಳು. ಅವನು ಕರಜಗಿಯ ಕಡೆಯವನೇ, ಬೀಗರ ಪರಿಚಯದವ. ಆದರೆ ಎರಡೂ ಕಡೆ ಕ್ಯಾನುಗಳು, ನಡುವೆ ಒಬ್ಬರಿಗೆ ಮಾತ್ರ ಜಾಗ.

"ಬೀಗರ, ನೀವು ಹೋಗ್ರಿ," ಅಂದರು ಬೀಗರು. "ಗುಟ್ಟಿ ನಿಮ್ಮ ಕಡಿ ಐತಿ. ಕೂಸು ನಿಮ್ಮ ಮನೀದು."

"ಹೆಂಗ್ರೀ? ಕಾರ್ಯ ನಿಮ್ಮ ಮನ್ಯಾಗ. ಯಜಮಾನರಿಲ್ಲದ ನಡೀತದೇನು? ನೀವ ಹೋಗ್ರಿ. ಗುಟ್ಟಿ ಒಯ್ರಿ, ನೀವ ತೇಯ್ರಿ."

ಹೀಗೆಂದು ಜೇಬಿನಿಂದ ಗಂಟು ತೆಗೆದು ಅವರ ಕೈಗೆ ಕೊಡಹೋದೆ. ಗಂಟಿನ ಅಂಚನ್ನು ನಾನು ಬಿಡದೆ ಹಿಡಿದದ್ದು ಅವರಿಗೆ ಕಂಡಿರಬೇಕು. ಅವರು ಎರಡೂ ಕೈ ಹಿಂದೆ ಕಟ್ಟಿಕೊಂಡರು.

"ನನ್ನ ಮ್ಯಾಲ ಆಣಿ, ನೀವು ಹೋಗ್ರಿ."

"ನನ್ನ ಮ್ಯಾಲ ಆಣಿ, ನೀವು."

"ನನ್ನ ಮಗಳ ಮ್ಯಾಲ..."

"ಸಾಕ್ ಮಾಡ್ರೋ!" ಮುದುಕಿ ಕವಣೆ ಎತ್ತಿದಳು. "ಇದನ್ನ ಮಾಡಿ ಮಾಡೇ ಅಲ್ಲೇನು ಜ್ವಾಳದಾಗ ಕುಂತಿದ್ದು? ಕ್ಯಾನು ಇಲ್ಲಿ ಇಳಸ್ರಿ, ಇಬ್ರೂ ಹತ್ರಿ!"

ಕ್ಯಾನುಗಳು ಅಟ್ಟದ ಕೆಳಗೆ ಉಳಿದವು. ಹಾಲಿನವನ ಹಿಂದೆ ನಾನು, ನನ್ನ ಹಿಂದೆ ಬೀಗರು, ಬೀಗರ ಅರ್ಧ ಮೈ ಗಾಳಿಯಲ್ಲಿ. ಮುಂದಿನ ದಾರಿಯಲ್ಲೂ ಕೆಲವು ಹೊಲಗಳ ಪರಿಚಯವಾಯಿತು. ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಒಂದು ಸಲ ಮನುಷ್ಯರ ಹಾಗೆ ಬಾಗಿಲು ಹಾಕಿಕೊಂಡು ಕೂಡಲು ಸಿಕ್ಕಿತು, ಹೊರಗೆ ಬಂದ ಬೀಗರು, "ಏನ್ ಊರ್ರೀ ಇದು! ಏನ್ ಪುಣ್ಯದ ಊರು!" ಎಂದು ಸ್ಟ್ಯಾಂಡಿಗೇ ಕೈ ಮುಗಿದರು.

ಕರಜಗಿಗೆ ಬಂದಾಗ ಸೂರ್ಯ ನೆತ್ತಿಗೆ ಬಂದಿರಲಿಲ್ಲ, ಇನ್ನೂ ಬೇವಿನ ಮರದ ಮೇಲಿದ್ದ. ಊರ ಅಗಸೆ ಬಾಗಿಲಲ್ಲೇ ನಮಗೆ ತಿಳಿಯಿತು, ಊರಿಗೆಲ್ಲ ಸುದ್ದಿ ಮೊದಲೇ ಮುಟ್ಟಿದೆ. ಕಂಡಕ್ಟರ್ ತೊಟ್ಟಿಲು ಇಳಿಸುವಾಗ ಎಲ್ಲರಿಗೂ ಕೇಳುವ ಹಾಗೆ, "ದೋನ್ಹೀ ಆಜೋಬಾ ಜ್ವಾರೀತ್ ಆಹೇತ್! ಇಬ್ಬರೂ ಅಜ್ಜಗೋಳು ಜ್ವಾಳದಾಗ ಅದಾರ!" ಎಂದು ಹೇಳಿದ್ದ. ಅವತ್ತೂ ಎರಡು ಭಾಷೆಯಲ್ಲಿ. ಕಟ್ಟೆಯ ಮೇಲಿನ ಮುದುಕರು ಎದ್ದು ನಿಂತು ರಾಂ ರಾಂ ಹೇಳಿದರು. "ಜ್ವಾಳ ಹೆಂಗ್ ಬಂದಾವ್ರೀ ಈ ಸಲ?" ಎಂದು ಕೇಳದವರಿಲ್ಲ.

ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅಯ್ನೋರು ಹೊತ್ತಾಯಿತು, ಗುಟ್ಟಿ ಬೇರೆ ಯಾರಾದರೂ ತೇಯಲಿ ಎಂದು ಎದ್ದಾಗಲೆಲ್ಲ ಇವಳು ಚಹಾ ಕೊಟ್ಟು ಕೂಡಿಸಿದ್ದಳಂತೆ. ಪಾಪ, ಅವರೂ ಚಹಾ ಕುಡಿದು ಕುಡಿದು ದಣಿದಿದ್ದರು. ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಹಿತ್ತಲಕ್ಕ ನಡೀರಿ ಇಬ್ರೂ. ಹಿಂಗ ಒಳಗ ಕಾಲಿಟ್ರ ನೋಡ್ರಿ!"

ಹಿತ್ತಲಲ್ಲಿ ಬಾಣಂತಿಯ ಬಟ್ಟೆಗೆಂದು ನೆನೆಸಿಟ್ಟ ಅಂಟುವಾಳದ ನೀರಿತ್ತು. ಅದನ್ನೇ ನಮ್ಮ ತಲೆಯ ಮೇಲೆ ಸುರಿದು ಉಜ್ಜಿಕೊಳ್ಳಿ ಅಂದಳು. ನೊರೆಯೋ ನೊರೆ. ಬೀಗರ ಮೀಸೆ ಕಾಣದಾಯಿತು. (ಆ ನೊರೆಯೂ ಸಕ್ಕರೆಯ ಗಂಟೇ ಅಂತೆ! ನಾನು ನಂಬುತ್ತಿರಲಿಲ್ಲ, ಹೇಳಿದವಳು ಮೊಮ್ಮಗಳಾದ್ದರಿಂದ ನಂಬಿದ್ದೇನೆ.) ಒದ್ದೆ ತಲೆಯಲ್ಲೇ ಒಳಗೆ ಓಡಿದೆವು.

ಸೊಸೆ ತೊಟ್ಟಿಲಿನ ಪಕ್ಕ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಅದರ ತಲೆಯ ಕುಂಚಿಗೆಯ ಅಂಚು ಸರಿಸಿದಳು. ಎಂಥ ಮುಖ ಅಂತೀರಿ! ಕೆಂಪಗೆ, ಮುದುಡಿಕೊಂಡು, ಹುಬ್ಬು ಗಂಟಿಕ್ಕಿ, ಥೇಟ್ ನಮ್ಮ ತಂದೆ ಗಿರಾಕಿಗೆ ಬುದ್ಧಿ ಹೇಳುವಾಗಿನ ಹಾಗೆ. ಹೊತ್ತು ಮೂಡೋ ತನಕ ಸುಮ್ಮನಿರು ಎಂದು ಹೇಳಿರಲಿಲ್ಲವೇ ಎಂದು ಕೇಳುತ್ತಿರುವ ಹಾಗೆ. ಬೀಗರು ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಇಟ್ಟರು. ಕೂಸನ್ನು ಮೊದಲ ದಿನದಿಂದ ನೋಡಿದ್ದವರು ಅವರು. ಅವರ ಮೂಗಿನಲ್ಲೂ ನೀರಿತ್ತು.

ಜೇಬಿನ ಗಂಟು ಬಿಚ್ಚಿದೆ. ಬಸ್ಸು, ಜೋಳ, ಕವಣೆ, ಮೋಟರ್ ಸೈಕಲ್ ಎಲ್ಲವನ್ನೂ ದಾಟಿ ಕಡ್ಡಿ ನೆಟ್ಟಗೆ ಇತ್ತು. ಸಾಣೆಕಲ್ಲಿನ ಮೇಲೆ ತಾಯಿಯ ಹಾಲಿನಲ್ಲಿ ಒಂದು ಸುತ್ತು ತೇಯ್ದು, ಬೆರಳ ತುದಿಗೆ ಹಚ್ಚಿ ಕೂಸಿನ ನಾಲಿಗೆಗೆ ಮುಟ್ಟಿಸಿದೆ. ಹುಬ್ಬಿನ ಗಂಟು ಬಿಚ್ಚಿತು. ತುಟಿ ಚಪ್ಪರಿಸಿತು. ಆಮೇಲೆ ನನ್ನ ಬೆರಳನ್ನು ಒಸಡಿನಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿತು.

"ಬೀಗರ, ಕೂಸು ಇನ್ನಾ ಬೇಕಂತೈತಿ," ಅಂದರು ಬೀಗರು. "ಇನ್ನೊಂದು ಸುತ್ತು ತೇಯ್ರಿ, ನನ್ನ ಹೆಸರಿಲೇ."

ನನ್ನ ಇನ್ನೊಂದು ಕೈ ಆಗಲೇ ಕಡ್ಡಿಯ ಕಡೆ ಹೋಗಿತ್ತು.

"ಮುಟ್ಟಿ ನೋಡ್ರಿ!" ಹೆಂಡತಿ ಸಾಣೆಕಲ್ಲು ಎಳೆದುಕೊಂಡು ಸೆರಗಿನಡಿ ಇಟ್ಟಳು. "ನಿಮ್ಮ ಆಗ್ರಹ ನೋಡಿ ಊರೇ ನಗಾಕತ್ತದ. ಕೂಸಿಗಿ ಕಲಸ್ತೀರೇನು?"

ಸೂರ್ಯ ನೆತ್ತಿಗೆ ಬರುವ ಮೊದಲೇ ಕೂಸನ್ನು ತೊಟ್ಟಿಲಿಗೆ ಹಾಕಿದರು. ಸೋದರತ್ತೆಯ ಸ್ಥಾನಕ್ಕೆ ಪಕ್ಕದ ಮನೆಯಿಂದ ಕರೆತಂದವಳು ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಊಟಕ್ಕೆ ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂಡಿಸಿದರು. ಹೋಳಿಗೆಯ ಬುಟ್ಟಿ ಬಾಗಿಲಲ್ಲಿ ಕಾಣಿಸಿದ್ದೇ ತಡ, ನಾವಿಬ್ಬರೂ ತಾಟಿನ ಮೇಲೆ ಕೈ ಅಡ್ಡ ಹಿಡಿದೆವು. ಯಾರು ಮೊದಲು ಎಂಬುದನ್ನು ಕರಜಗಿಯಲ್ಲಿ ಇನ್ನೂ ವಾದ ಮಾಡುತ್ತಾರೆ. ನನ್ನದು ಒಂದೇ ಕೈ ಇತ್ತು ಎಂದು ಬೀಗರು ತಕರಾರು ತೆಗೆದರು. ಏನು ಮಾಡಲಿ? ಇನ್ನೊಂದು ಕೈಯ ಬೆರಳನ್ನು ನನ್ನ ಮಡಿಲಲ್ಲಿದ್ದ ಮೊಮ್ಮಗಳು ಬಿಟ್ಟಿರಲಿಲ್ಲ. ಅದರಲ್ಲಿ ಇನ್ನೂ ಸಿಹಿ ಉಳಿದಿತ್ತು.